ಬಾಗಿಲ ಹೊರಗೆ ಬಿಟ್ಟ ಚಪ್ಪಲಿ

ಹಡಗಿನಲ್ಲೇ ಸಂಸಾರ ಹೂಡಿದವರು ಬಂದರಿಗೆ ಇಳಿಯುವುದು ಸರದಿಯ ಮೇಲೆ, ಕೋಣೆಗೆ ಒಬ್ಬರಂತೆ. ಉಳಿದವರು ಸಂಜೆ ಇಳಿದು ಬಂದವರ ಚಪ್ಪಲಿ ಮೆಟ್ಟಿದರೆ ಸಾಕು, ಸುತ್ತಿ ಬಂದ ಊರೆಲ್ಲ ಅವರ ಅಂಗಾಲಿಗೂ ಸಿಗುತ್ತಿತ್ತು.

ಜಾಂಜಿಬಾರ್ ಸುತ್ತಿ ಮರಳಿದ ಪದ್ಮರಾಜನ ಚಪ್ಪಲಿಯನ್ನು ಹೆಂಡತಿ ಇಂದುಮತಿ ಆಸೆಯಿಂದ ಮೆಟ್ಟಿದಳು. ಬಿಸಿ ಮರಳು, ಮೀನುಪೇಟೆಯ ಜಾರುಗಲ್ಲು, ಯಾವುದೋ ಮನೆಯ ಮೆಟ್ಟಿಲು. ಅಲ್ಲಿ ಬಾಗಿಲ ಹೊರಗೆ ನಡಿಗೆ ನಿಂತೇಹೋಯಿತು, ಬಹಳ ಹೊತ್ತು. ಬಿಟ್ಟ ಚಪ್ಪಲಿಗೆ ಒಳಗಿನದು ತಿಳಿಯುವುದಿಲ್ಲ. ಆದರೆ ಅದಕ್ಕೆ ಒತ್ತಿಕೊಂಡೇ ಇದ್ದ ಹೆಂಗಸಿನ ಚಪ್ಪಲಿಯೊಂದು ಅವಳ ಪಾದಕ್ಕೆ ಚೆನ್ನಾಗಿಯೇ ತಾಗುತ್ತಿತ್ತು.

"ಯಾರ ಮನೇರೀ ಅದು?"

"ಬಾಯಾರಿತ್ತು ಕಣೆ, ನೀರು ಕೇಳೋಕೆ ಹೋಗಿದ್ದೆ."

"ಅಷ್ಟೊತ್ತೂ ನೀರೇ ಕುಡಿದ್ರಾ?"

ಪದ್ಮರಾಜ ಆಕಳಿಸಿ ಮಗ್ಗುಲು ಬದಲಿಸಿದ.

ಮುಂದಿನ ಬಂದರು ಮಸ್ಕತ್, ಅವಳ ಸರದಿ. ಇಂದುಮತಿ ಊರು ನೋಡಲಿಲ್ಲ. ಬಾಗಿಲಲ್ಲಿ ಗಂಡಸಿನ ಬೂಟುಗಳಿದ್ದ ಮನೆಯೊಂದನ್ನು ಹುಡುಕಿ, ಅವಕ್ಕೆ ತಾಗಿಸಿ ತನ್ನ ಚಪ್ಪಲಿ ಬಿಟ್ಟಳು. ಎದುರಿನ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತು, ಬಿಸಿಲು ಇಳಿಯುವವರೆಗೂ ನಿಧಾನವಾಗಿ ಖರ್ಜೂರ ತಿಂದಳು.

ಆ ಮನೆಗೆ ಬೀಗ ಹಾಕಿತ್ತು. ಚಪ್ಪಲಿಗೇನು ಗೊತ್ತು!