ಟೊಲೀಡೊದಿಂದ ಬಂದ ಕರೆ

"ನಾನು ಟೊಲೀಡೊದಿಂದ ರಾಯ್. ನಮ್ಮ ಕ್ವಾರ್ಟರ್‌ಬ್ಯಾಕ್ ಟ್ಯಾನರ್ ತೀರಾ ಸಾಧಾರಣ. ಹದಿನೇಳು ಪಂದ್ಯದಲ್ಲಿ ಒಂಬತ್ತು ಗೆದ್ದ, ಅಷ್ಟೇ. ಕೈಬಿಡ್ರಿ ಅವನ್ನ," ಎಂದು ವೆಂಡೆಲ್ ಅಮೆರಿಕನ್ ಫುಟ್‌ಬಾಲ್ ಕುರಿತ ರೇಡಿಯೊ ಕಾರ್ಯಕ್ರಮಕ್ಕೆ ಫೋನಿನಲ್ಲಿ ಹೇಳಿದ. ರಾಯ್ ಎಂಬುದು ಸುಳ್ಳು ಹೆಸರು. ತಂಡಕ್ಕೆ ಚೆಂಡೆಸೆದು ಆಟ ನಡೆಸುವ ಟ್ಯಾನರ್ ಅವನ ಮಗ. ಮನೆಯೊಳಗೆ ಕೇಳಿಸದಿರಲೆಂದು ಅವನು ಗ್ಯಾರೇಜಿನಲ್ಲಿ, ಟ್ರಕ್ಕಿನ ಗಾಜು ಏರಿಸಿಕೊಂಡು ಕುಳಿತಿದ್ದ.

"ಏನಪ್ಪಾ ರಾಯ್, ನಿನ್ನ ಮಗಳಿಗೇನಾದ್ರೂ ಕೈಕೊಟ್ನಾ ಅವನು?" ನಿರೂಪಕ ನಕ್ಕ. "ಎಷ್ಟು ಸಲ ಕೆಡವಿದ್ರೂ ಎದ್ದು ನಿಲ್ತಾನಲ್ಲ ಮಾರಾಯಾ!"

"ಅದೇ ಆಗ್ಬಾರ್ದು," ಎಂದು ವೆಂಡೆಲ್ ಫೋನಿಟ್ಟ. ಈ ವರ್ಷ ಎದುರಾಳಿಗಳು ಮಗನನ್ನು ಕೆಡವಿದ್ದು ಐವತ್ತೆರಡು ಸಲ. ಅಪ್ಪ ಒಂದೊಂದನ್ನೂ ಎಣಿಸಿದ್ದ. ತಲೆಗೆ ಬಿದ್ದ ಪೆಟ್ಟುಗಳನ್ನು ವೈದ್ಯರಿಗೆ ಹೇಳೆಂದರೆ ಮಗ ಒಪ್ಪುತ್ತಿರಲಿಲ್ಲ. ತಂಡವೇ ಕೈಬಿಟ್ಟರೆ ಮಾತ್ರ ಅವನು ಆಟ ನಿಲ್ಲಿಸುತ್ತಿದ್ದ.

ಅಡುಗೆಮನೆಗೆ ಬಂದರೆ ಟ್ಯಾನರ್ ರೇಡಿಯೊದ ಮುಂದೆಯೇ ಕುಳಿತಿದ್ದ. ವೆಂಡೆಲ್ ಫೋನನ್ನು ಜೇಬಿಗೆ ತುರುಕಿದ.

"ಕೇಳಿದ್ಯಾ ಅಪ್ಪಾ? ಯಾವನೋ ಮುದುಕ ನನ್ನ ಚೆನ್ನಾಗಿ ಜಾಡಿಸ್ದ. ಆ ದನಿ ಎಲ್ಲೋ ಕೇಳಿದೀನಿ. ಯಾರದು ಅಂತ ಹೊಳೀತಾನೇ ಇಲ್ಲ."

ತಮಾಷೆಯಿರಬಹುದೆಂದು ವೆಂಡೆಲ್ ಅವನ ಮುಖವನ್ನು ನೋಡಿದ. ಟ್ಯಾನರ್ ಹುಬ್ಬು ಗಂಟಿಕ್ಕಿಕೊಂಡು ಇನ್ನೂ ನೆನಪಿಸಿಕೊಳ್ಳಲು ಹೆಣಗುತ್ತಿದ್ದ.