ಮದುವೆ ಕುದುರೆಯ ಸಾಕ್ಷಿ

ಬಾಲ ಎತ್ತಿದರೆ ಮುಗಿಯಿತು. ನಾಳೆಯೇ ಕಿಬ್ಬನಹಳ್ಳಿಯ ಲಕ್ಕಯ್ಯ ಬಂದು ಹಗ್ಗ ಹಿಡಿಯುತ್ತಾನೆ. ಎತ್ತುತ್ತಾಳೆಯೇ? ಎತ್ತಲು ಕಾರಣವಿಲ್ಲ. ಆದರೆ ಪ್ರಾಣಿ ಕಾರಣ ಕೇಳಿಕೊಂಡು ಬಾಲ ಎತ್ತುತ್ತದೆಯೇ? ಬಿ.ಎ.ಯಲ್ಲಿ ಓದಿದ ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.

ತೋಂಟದಾರ್ಯ ಹಿತ್ತಿಲ ತೆಂಗಿನ ಮರಕ್ಕೆ ಒರಗಿ ಕೆಂಚಿಯನ್ನೇ ನೋಡುತ್ತಿದ್ದ. ಕೆಂಚಿ ಅವನ ಅಪ್ಪ ಪರಮಶಿವಯ್ಯನವರ ಹೆಣ್ಣು ಕುದುರೆ. ಮನೆಗೆ ಅಂಬಾಸಿಡರ್ ಕಾರು ಬಂದ ಮೇಲೆ ನೊಣವಿನಕೆರೆಯ ಈ ಕೊಬ್ಬರಿ ವ್ಯಾಪಾರಿಗೆ ಜಟಕಾ ಬೇಡವಾಯಿತು. ಜಟಕಾ ಎಳೆಯುತ್ತಿದ್ದವಳು ಬೇಡವಾಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಕೊನೆಯದೊಂದು ಅವಕಾಶವೆಂದು ಅವಳನ್ನು ಕೆರೆಯಾಚೆಯ ದುರ್ಗಯ್ಯನ ಗಂಡು ಕುದುರೆಗೆ ಬಿಡಿಸಿದ್ದರು. ಗಬ್ಬವಾಗಿದ್ದರೆ ಕೊಟ್ಟಿಗೆಯಲ್ಲಿ ಉಳಿಯುತ್ತಾಳೆ. ಮತ್ತೆ ಬೆದೆಗೆ ಬಂದಿದ್ದರೆ ಲಕ್ಕಯ್ಯನ ಕಲ್ಲು ಗಾಡಿಗೆ. ಆ ಗಾಡಿಗೆ ಕಟ್ಟಿದ ಕುದುರೆ ಎರಡನೇ ಯುಗಾದಿ ಕಂಡದ್ದನ್ನು ಯಾರೂ ನೋಡಿರಲಿಲ್ಲ.

ಮೈಸೂರಿನಲ್ಲಿ ಓದಿ ಬಂದ ಮೇಲೆ ತೋಂಟದಾರ್ಯ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಕೆಂಚಿಯ ಜೊತೆ ಮಾತ್ರ. "ಬಾಯಿ ಬರ್ಲಿ ಅಂತ ಓದಿಸ್ದೆ ಕಣ್ರಯ್ಯಾ, ಇದ್ದ ಬಾಯೂ ಹೋಯ್ತು" ಎಂದು ಪರಮಶಿವಯ್ಯ ಮಂಡಿಯಲ್ಲಿ ಹೇಳಿ ನಗಿಸುತ್ತಿದ್ದರು. ಮಗನಿಂದ ಮನೆಗೆ ಆದ ಉಪಕಾರ ಆ ನಗುವೊಂದೇ ಎಂಬುದು ಅವರ ಲೆಕ್ಕ.

ಮೊನ್ನೆ ಸಂಜೆ ಕೆರೆಯಾಚೆ ದುರ್ಗಯ್ಯನ ಕುದುರೆ ಕೆನೆದಿತ್ತು. ಕೆಂಚಿ ಕಿವಿ ನಿಮಿರಿಸಿ, ಹಿಂಗಾಲು ಅಗಲಿಸಿ, ಬಾಲ ಎತ್ತಿ ನಿಂತಿದ್ದಳು. ನೋಡಿದವನು ತೋಂಟದಾರ್ಯ ಒಬ್ಬನೇ.

ಪರೀಕ್ಷೆಯ ವಿಧಾನ ಹೇಳಿದವನು ತಿಪ್ಪಯ್ಯ. ಜೀವಮಾನವಿಡೀ ದನಗಳನ್ನು ಬಿಟ್ಟು ಬೇರೇನನ್ನೂ ನೋಡಿರದ ಅವನೇ ಊರಿಗೆ ಕುದುರೆ ಪಂಡಿತ.

"ಒಂದು ಗಂಡು ಕುದ್ರೆ ತಂದು ಮುಂದೆ ನಿಲ್ಸಿ ಯಜಮಾನ್ರೇ. ಬೆದೆ ಇದ್ರೆ ಬಾಲ ಎತ್ತುತದೆ. ಗಬ್ಬ ಆಗಿದ್ರೆ ಹತ್ರಕ್ಕೂ ಸೇರ್ಸಲ್ಲ, ಒದೀತದೆ. ದುರ್ಗಯ್ಯನದ್ನೇ ತರ್ಸಾನಾ?"

"ಅವನ ಕುದ್ರೆ ಅವನ ಪರವಾಗೇ ಸಾಕ್ಷಿ ಹೇಳ್ತದೆ, ಬುಡು" ಎಂದರು ಪರಮಶಿವಯ್ಯ. "ಬೇರೆ ಊರಿಂದು ಬೇಕು."

"ತಿಪಟೂರಿನ ಹನುಮಂತಯ್ಯನ ಹತ್ರ ಮದುವೆ ಕುದುರೆ ಇದೆ."

ಎಲ್ಲರೂ ತಿರುಗಿ ನೋಡಿದರು. ಮಾತಾಡಿದವನು ತೋಂಟದಾರ್ಯ. ಆ ಕುದುರೆಯನ್ನು ಅವನು ಗೆಳೆಯನ ಮದುವೆಯಲ್ಲಿ ನೋಡಿದ್ದ. ಮೆರವಣಿಗೆಯ ಜನವೆಲ್ಲ ವಾಲಗದ ಜೊತೆ ಮುಂದೆ ನಡೆದಿದ್ದರು. ಅವನೊಬ್ಬ ಕುದುರೆಯ ಹಿಂದೆ ನಡೆದಿದ್ದ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ.

ಪರಮಶಿವಯ್ಯ ತೊಡೆ ತಟ್ಟಿದರು. "ಮದುಮಗ ಕೂರೋ ಕುದ್ರೆ! ಅದಕ್ಕಿಂತ ಗಂಡು ಇನ್ನೆಲ್ಲಿ ಸಿಕ್ತದೆ? ನೀನೇ ಹೋಗಿ ಕರ್ಕಂಡ್ ಬಾರಪ್ಪ."

ಹೀಗೆ ಹನುಮಂತಯ್ಯನ ಜೊತೆ ಮದುವೆ ಕುದುರೆ ರಾಜ ಬಂದ. ಹಣೆಗೆ ಗರಿ, ಕೊರಳಿಗೆ ಗೆಜ್ಜೆ, ಬೆನ್ನಿನಿಂದ ಮೊಣಕಾಲಿನವರೆಗೂ ಇಳಿಬಿದ್ದ ಜರಿಯ ಹೊದಿಕೆ. ತೋಂಟದಾರ್ಯನ ತಾಯಿ ಮೀನಾಕ್ಷಮ್ಮ ಅಭ್ಯಾಸಬಲದಿಂದ ಆರತಿ ತಂದೇಬಿಟ್ಟರು. ಎತ್ತುವಾಗ ಮೇಲೆ ಮದುಮಗನಿಲ್ಲದ್ದು ಗಮನಕ್ಕೆ ಬಂದು, ಕುದುರೆಗೇ ಎತ್ತಿ ಮುಗಿಸಿದರು.

"ಹೊದಿಕೆ ತೆಗೀಬಾರ್ದಾ?" ತಿಪ್ಪಯ್ಯ ಕೇಳಿದ.

"ಹಸೆಮಣೆ ಇದ್ದಂಗೆ ಕಣ್ರೀ ಅದು. ಬೀದಿ ಜನದ ಮುಂದೆ ಬಿಚ್ಚಾದಾ?" ಎಂದ ಹನುಮಂತಯ್ಯ.

"ಬ್ಯಾಡ ಬುಡು. ಕುದ್ರೆಗೂ ಮಾನ ಇರ್ತದೆ" ಎಂದು ಪರಮಶಿವಯ್ಯ ತೀರ್ಪು ಕೊಟ್ಟರು. "ಆಳು ಬಲು ಸಾಧು ಕಾಣ್ತಾನಲ್ಲಾ, ಕೆಲಸಕ್ಕೆ ಆದಾನಾ?"

ಹನುಮಂತಯ್ಯ ತೋಂಟದಾರ್ಯನ ಮುಖ ನೋಡಿದ. ತೋಂಟದಾರ್ಯ ನೆಲ ನೋಡಿದ.

"ಇಷ್ಟು ವರ್ಷದಾಗೆ ಯಾವ ಹೆಣ್ಣೂ ನಮ್ಮ ರಾಜನ ಮೇಲೆ ದೂರು ಹೇಳಿಲ್ಲ ಯಜಮಾನ್ರೇ."

ಗಂಡಸರೆಲ್ಲ ನಕ್ಕರು. ಮೀನಾಕ್ಷಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ನಡುವೆ ಬಿದಿರು ಅಡ್ಡ ಕಟ್ಟಿ ಎರಡನ್ನೂ ಎದುರುಬದುರು ನಿಲ್ಲಿಸಿದರು. ರಾಜ ಮೂತಿ ಚಾಚಿದ. ಕೆಂಚಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅವಳ ಬಾಲ ಸ್ವಲ್ಪ ಅಲುಗಿತು. ನೊಣ ಓಡಿಸಿದ್ದು, ಅಷ್ಟೆ. ಮರುಕ್ಷಣ ಕಿವಿ ಹಿಂದಕ್ಕೆ ಅಂಟಿದವು, ಕಿರುಚಿದ ಸದ್ದು ಕೇಳಿತು, ಗಿರಕ್ಕನೆ ತಿರುಗಿ ಒದ್ದ ಒದೆತಕ್ಕೆ ಬಿದಿರು ಎರಡು ತುಂಡಾಯಿತು.

"ಗಬ್ಬ! ಅನುಮಾನನೇ ಇಲ್ಲ!" ತಿಪ್ಪಯ್ಯ ಕೂಗಿದ.

ಸಕ್ಕರೆ ಹಂಚಿದರು. ಪರಮಶಿವಯ್ಯ ಮಗನ ಬೆನ್ನು ತಟ್ಟಿದರು. "ವರ್ಷಕ್ಕೊಂದ್ಸಲ ಬಾಯಿ ಬಿಟ್ರೂ ಕೆಲಸಕ್ಕೆ ಬರೋ ಮಾತಾಡ್ದೆ ಕಣಪ್ಪ. ಲಕ್ಕಯ್ಯಂಗೆ ಬರಬ್ಯಾಡ ಅಂತ ಹೇಳ್ಕಳಿಸು."

ಈ ಗದ್ದಲದಲ್ಲಿ ಮರದಡಿ ನಿಂತಿದ್ದ ರಾಜನ ಹಿಂಗಾಲುಗಳ ಹಿಂದೆ ನೆಲ ಒದ್ದೆಯಾಯಿತು. ತೋಂಟದಾರ್ಯ ಓಡಿಹೋಗಿ ಒಂದು ಮಂಕರಿ ತೆಂಗಿನ ಮಟ್ಟೆಯ ಪುಡಿ ತಂದು ಸುರಿದ.

"ಆಳುಗಳಿಲ್ವೇನೋ?" ಎಂದರು ಹೊರಗೆ ಬಂದ ಮೀನಾಕ್ಷಮ್ಮ.

"ಇರ್ಲಿ ಬಿಡವ್ವ."

ಬಸುರಿಗೆ ಓಡಾಟ ಒಳ್ಳೆಯದೆಂದು ಆ ಸಂಜೆ ಅವನು ಕೆಂಚಿಯನ್ನು ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋದ. ಆಚೆ ದಡದ ದುರ್ಗಯ್ಯನ ಕೊಟ್ಟಿಗೆಯ ತನಕ ಹೋಗಿದ್ದನ್ನು ಯಾರೂ ಕೇಳಲಿಲ್ಲ. ದುರ್ಗಯ್ಯ ಮೊದಲ ಸಲ ಫಲ ಕೊಡದ ತನ್ನ ಕುದುರೆಯ ಮರ್ಯಾದೆಗೆ ಅಂಜಿ ಬಾಯಿ ಬಿಡಲಿಲ್ಲ.

ಮರುವರ್ಷ ಕೆಂಚಿ ಮರಿ ಹಾಕಿದಳು, ಎಲ್ಲರ ಲೆಕ್ಕಕ್ಕಿಂತ ತಡವಾಗಿ. "ನಮ್ಮನೆ ಮೇವು ತಿಂದ ಹೊಟ್ಟೆ, ಆತುರ ಬೀಳಲ್ಲ" ಎಂದು ಪರಮಶಿವಯ್ಯ ಮಂಡಿಯಲ್ಲಿ ಹೇಳಿಕೊಂಡರು. ಅಕ್ಕಪಕ್ಕದ ಊರಿನವರು ಕುದುರೆ ಪರೀಕ್ಷೆಗೆ ತಿಪ್ಪಯ್ಯನನ್ನು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯತೊಡಗಿದರು. ಮಗನ ಬಾಯಿಯ ಬಗ್ಗೆ ಮಂಡಿಯಲ್ಲಿ ತಮಾಷೆ ಮೊದಲಿನಂತೆಯೇ ನಡೆದಿತ್ತು.

ರಾಜ ಹೆಣ್ಣು ಕುದುರೆ ಎಂದು ತೋಂಟದಾರ್ಯ ಯಾರಿಗೂ ಹೇಳಲಿಲ್ಲ.