ಹೆಡ್ ಮೇಡಂ ಕೊಟ್ಟ ರಬ್ಬರು

ಐದನೆಯ ತರಗತಿಯ ಟೀಚರ್ ರಬ್ಬರು ಹಿಡಿದು ಉಜ್ಜುತ್ತಿದ್ದಾಗ ಬಾಗಿಲು ತೆರೆಯಿತು. ನಿಂತಿದ್ದವರು ಮುಖ್ಯೋಪಾಧ್ಯಾಯಿನಿ. ಇಡೀ ಶಾಲೆಗೆ ಅವರು ಹೆಡ್ ಮೇಡಂ. ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೋ ಅವರು ವಿಚಾರಿಸಿರಲಿಲ್ಲ.

ಮೇಜಿನ ಮೇಲಿದ್ದವು ಇಲಾಖೆಯ ಪರೀಕ್ಷೆಯ ಉತ್ತರ ಹಾಳೆಗಳು. ಮಕ್ಕಳು ಬೆಳಿಗ್ಗೆಯಷ್ಟೇ ಉತ್ತರದ ಸೊನ್ನೆಗಳನ್ನು ಪೆನ್ಸಿಲಿನಿಂದ ತುಂಬಿಸಿ ಕೊಟ್ಟು ಹೋಗಿದ್ದರು. ಅಧಿಕಾರಿ ಬಂದು ಒಯ್ಯುವವರೆಗೆ ಅವನ್ನು ಯಾರೂ ಮುಟ್ಟುವಂತಿರಲಿಲ್ಲ.

ಟೀಚರ್ ಮುಖದಲ್ಲಿ ನೀರಿಳಿಯಿತು. "ಮೇಡಂ, ಅದು..."

"ಗೊತ್ತಾಯ್ತು ಬಿಡಿ," ಎಂದು ಹೆಡ್ ಮೇಡಂ ಒಳಗೆ ಬಂದು ಚಿಲಕ ಹಾಕಿದರು.

ಗೊತ್ತಾಗದೆ ಏನು? ಹೊಸ ಆದೇಶ ಬಂದಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಈ ಪರೀಕ್ಷೆಗೂ ಮಕ್ಕಳ ಪಾಸು ಫೇಲಿಗೂ ಸಂಬಂಧವಿಲ್ಲ. ಪರೀಕ್ಷೆ ಶಾಲೆಗೆ. ಶಾಲೆಯ ಅಂಕ ಹೋದ ವರ್ಷಕ್ಕಿಂತ ಇಳಿದರೆ ಹೆಡ್ ಎತ್ತಂಗಡಿ. ಅದೂ ಬೇರೆ ಶಾಲೆಗಲ್ಲ, ಇಲಾಖೆಯ ಪುಸ್ತಕದ ಗೋದಾಮಿಗೆ. ಟೀಚರುಗಳ ಕೂದಲೂ ಕೊಂಕುವುದಿಲ್ಲ. ತಲೆದಂಡ ಹೆಡ್ ಒಬ್ಬರದೇ. ಗೋದಾಮಿನಲ್ಲಿ ಎದ್ದು ನಿಂತು ನಮಸ್ಕಾರ ಹೇಳಲು ಯಾರಿದ್ದಾರೆ? ಇಲಿಗಳು.

ಅದಕ್ಕೇ ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಿದ್ದರು. ಆಟದ ಪಿರಿಯಡ್ ತೆಗೆದು ಮಾದರಿ ಪ್ರಶ್ನೆಪತ್ರಿಕೆ ತುರುಕಿದರು. ಹಾಡಿನ ಪಿರಿಯಡ್ಡಿಗೂ ಅದೇ ಗತಿ. ಕಥೆಪುಸ್ತಕದ ಬೀರುವಿಗೆ ಬೀಗ ಬಿತ್ತು. ಒಂದು ಮಗು ಮಳೆ ಯಾಕೆ ಬರುತ್ತೆ ಎಂದು ಕೇಳಿದರೆ, "ನಾಲ್ಕು ಉತ್ತರ ಹೇಳ್ತೀನಿ, ಒಂದನ್ನ ಆರಿಸ್ಕೋ" ಎಂದವರು ಅವರು. ಇದೇ ಟೀಚರ್ ಒಮ್ಮೆ, "ಮಕ್ಕಳು ನಗೋದನ್ನೇ ಬಿಟ್ಟಿದಾರೆ ಮೇಡಂ" ಎಂದಾಗ, "ನಗೋದಕ್ಕೆ ಅಂಕ ಇಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ಆ ಟೀಚರೇ ಈಗ ಕೆಲಸವನ್ನು ಪಣಕ್ಕಿಟ್ಟು ಕೂತಿದ್ದಾಳೆ. ಹೆಡ್ ಮೇಡಂ ಮೇಜಿನ ಹತ್ತಿರ ಬಂದರು. ಇಷ್ಟು ವರ್ಷದ ನೌಕರಿಯಲ್ಲಿ ಅವರಿಗಾಗಿ ಯಾರೂ ಒಂದು ಕುರ್ಚಿಯನ್ನೂ ಸರಿಸಿ ಕೊಟ್ಟಿರಲಿಲ್ಲ.

"ಯಾರಿಗೋಸ್ಕರ ಮಾಡ್ತಿದೀರಿ ಅಂತ ನನಗೆ ಗೊತ್ತು," ಎಂದರು.

ಟೀಚರ್ ತಲೆ ಎತ್ತಲಿಲ್ಲ. "ಮಕ್ಕಳಿಗೋಸ್ಕರ ಮೇಡಂ. ಇದು ಮತ್ತೆ ಶಾಲೆ ಆಗಬೇಕಲ್ಲ."

"ಬೇರೆಯವರಿಗೆ ಗೊತ್ತಾ?"

"ಎಲ್ಲರೂ ಕೂತು ಮಾತಾಡ್ಕೊಂಡೇ ಮಾಡ್ತಿರೋದು."

ಎಲ್ಲರೂ! ಹೆಡ್ ಮೇಡಂ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡರು. ಮತ್ತೆ ಈ ಕಡೆ ನೋಡಿದಾಗ ಟೀಚರ್ ಕೈಯಡಿ ಇದ್ದದ್ದು ಯಾವಾಗಲೂ ಮೊದಲು ಬರುವ ಹುಡುಗಿಯ ಹಾಳೆ. ಅದನ್ನು ನೋಡಿ ಉಳಿದವರದನ್ನು ತಿದ್ದುವ ಉಪಾಯವಿರಬೇಕು. ಜಾಣೆ, ಎಂದುಕೊಂಡರು.

ಹಳೆಯ ರಬ್ಬರು ಹಾಳೆಯನ್ನು ಕಪ್ಪು ಮಾಡುತ್ತಿತ್ತು. ಹೆಡ್ ಮೇಡಂ ತಮ್ಮ ಕೋಣೆಗೆ ಹೋಗಿ ಹೊಸದೊಂದನ್ನು ತಂದು ಕೊಟ್ಟರು. "ಗುರುತು ಉಳೀಬಾರ್ದು ನೋಡಿ. ನಿಧಾನಕ್ಕೆ ಮಾಡಿ."

ಟೀಚರ್ ರಬ್ಬರನ್ನೂ ಅವರ ಮುಖವನ್ನೂ ನೋಡಿದಳು. "ನಿಮಗೆ ಬೇಜಾರಿಲ್ವಾ ಮೇಡಂ?"

"ನನಗ್ಯಾಕೆ ಬೇಜಾರು? ನಾನೇ ಹೇಳಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ."

ಟೀಚರ್ ಕಣ್ಣು ತುಂಬಿತು. "ನಿಮ್ಮದು ಇಷ್ಟು ದೊಡ್ಡ ಮನಸ್ಸು ಅಂತ ಗೊತ್ತೇ ಇರ್ಲಿಲ್ಲ."

ಅಧಿಕಾರಿ ಹೇಳಿದ್ದಕ್ಕಿಂತ ಬೇಗ ಬಂದರು. ಹೆಡ್ ಮೇಡಂ ಅವರನ್ನು ತಮ್ಮ ಕೋಣೆಯಲ್ಲಿ ಕೂರಿಸಿ, ಟೀ ಕೊಟ್ಟು, ಸೋರುವ ಮಾಳಿಗೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಅದು ಮುಗಿಯುವ ಹೊತ್ತಿಗೆ ಹಾಳೆಗಳ ಕಟ್ಟು ಸಿದ್ಧವಾಗಿತ್ತು.

"ಯಾರೂ ಮುಟ್ಟಿಲ್ಲ ತಾನೇ?" ಎಂದರು ಅಧಿಕಾರಿ.

"ನೊಣಾನೂ ಒಳಗೆ ಹೋಗಿಲ್ಲ ಸಾರ್. ನಾನೇ ಕಾವಲಿದ್ದೆ." ಹಾಗೆಂದು ಬರೆದು ರುಜುವನ್ನೂ ಹಾಕಿದರು.

ಅಂದಿನಿಂದ ಶಾಲೆಯ ಗಾಳಿಯೇ ಬದಲಾಯಿತು. ಟೀಚರುಗಳು ಅವರನ್ನು ಕಂಡರೆ ನಗತೊಡಗಿದರು, ಊಟಕ್ಕೆ ಜೊತೆಗೆ ಕರೆದರು. "ನೆನಪಿಗೆ ಒಂದು ಫೋಟೋ ತೆಗೆಸ್ಕೊಳ್ಳೋಣ ಮೇಡಂ" ಎಂದರು ಹಾಡಿನ ಟೀಚರ್. ಹೆಡ್ ಮೇಡಂ ಎಲ್ಲರ ನಡುವೆ ನಿಂತು, ಎಷ್ಟೋ ಕಾಲದ ಮೇಲೆ ಮನಸಾರೆ ನಕ್ಕರು.

ಫಲಿತಾಂಶದ ದಿನ ಅಧಿಕಾರಿಯ ಫೋನು ಬಂತು.

"ನಿಮ್ಮ ಶಾಲೆಯ ಹಾಳೆಗಳಲ್ಲಿ ತುಂಬಾ ಕಡೆ ಅಳಿಸಿ ತಿದ್ದಿದೆ ಅಂತ ಯಂತ್ರ ತೋರಿಸ್ತಿದೆ ಮೇಡಂ."

ಹೆಡ್ ಮೇಡಂ ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಕೈಬಿಡುವವರು ಅವರಲ್ಲ. ತಮಗಾಗಿ ಇಷ್ಟು ಮಾಡಿದವರನ್ನು ಕಾಯಲೇಬೇಕು. "ಮಕ್ಕಳೇ ತಿದ್ದಿರೋದು ಸಾರ್. ನನ್ನ ಕಣ್ಣೆದುರಿಗೇ. ಬೇಕಾದರೆ ಇನ್ನೊಂದು ಸಲ ಬರೆದು ಕೊಡ್ತೀನಿ."

"ನೀವು ಇಷ್ಟು ಖಚಿತವಾಗಿ ಹೇಳೋದಾದ್ರೆ ವಿಚಾರಣೆ ಬೇಡ, ಬಂದಿರೋ ಅಂಕಾನೇ ಖಾಯಂ ಮಾಡ್ತೀನಿ," ಎಂದರು ಅಧಿಕಾರಿ. ಹೆಡ್ ಮೇಡಂ ನಿಟ್ಟುಸಿರು ಬಿಟ್ಟರು.

"ಆದ್ರೆ ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿರ್ಲಿಲ್ಲ ಮೇಡಂ. ನಿಮ್ಮ ಮಕ್ಕಳು ಸರಿ ಉತ್ತರಗಳನ್ನೇ ಹುಡುಕಿ ಹುಡುಕಿ ಅಳಿಸಿ, ತಪ್ಪು ತುಂಬಿದಾರೆ."